ಅಂದಾಜಿನ ಅವಿಲಾ ಸಾಹೇಬರು

ಕ್ಯಾಲಿಫೋರ್ನಿಯಾದ ಬಾದಾಮಿ ತೋಟಗಳ ನಡುವಿನ ನಮ್ಮೂರಿನಲ್ಲಿ, ವೇಗವಾಗಿ ಹೋಗುವ ಕಾರುಗಳನ್ನು ತಡೆಯುವವರು ಪೊಲೀಸ್ ಅವಿಲಾ ಸಾಹೇಬರು. ದಂಡದ ಚೀಟಿ ಹರಿದು ಕೊಡುವುದು ಅವರಿಗೆ ನೀರು ಕುಡಿದಷ್ಟು ಸುಲಭ, ಆಮೇಲಿನದೇ ಫಜೀತಿ. ಪೊಲೀಸರು ಮೈಬಣ್ಣ ನೋಡಿ ಜನರನ್ನು ತಡೆಯುತ್ತಾರೆಯೇ ಎಂದು ತಿಳಿಯಲು ರಾಜ್ಯ ಒಂದು ಕಾನೂನು ಮಾಡಿದೆ. ತಡೆದ ಚಾಲಕರು ಯಾವ ಜನಾಂಗದವರೆಂದು, ಅವರನ್ನು ಕೇಳದೆ, ಕಣ್ಣಿಗೆ ಕಂಡಂತೆ ಬರೆಯಬೇಕು. ಸಾಹೇಬರು ಕನ್ನಡಕ ಒರೆಸುತ್ತಾರೆ, ಕಾರಿನ ರೇಡಿಯೊ ಹಾಡಿಗೆ ಕಿವಿಗೊಡುತ್ತಾರೆ, ಹಿಂದಿನ ಸೀಟಿನ ಊಟದ ಡಬ್ಬಿಯನ್ನೂ ಮೂಸುತ್ತಾರೆ. “ನಮ್ಮ ವಂಶ ಯಾವ್ದು ಅಂತ ನಮ್ಮಜ್ಜಿಗೇ ಗೊತ್ತಾಗ್ಲಿಲ್ಲ, ನಿಮಗೆ ಗೊತ್ತಾಯ್ತಾ ಸಾಹೇಬ್ರೇ? ಹೇಳ್ಲಾ?” ಎಂದು ಟೊಮೆಟೊ ಲಾರಿ ಓಡಿಸುವ ರೊಸಾಲ್ವಾ ಕೆಣಕಿದರೆ, “ಬೇಡಮ್ಮಾ ತಾಯಿ, ಹೇಳಿದ್ರೆ ನನ್ನ ಅಂದಾಜು ಕೆಡುತ್ತೆ” ಎಂದು ಬೇಡಿಕೊಳ್ಳುತ್ತಾರೆ. ಸಂಜೆ ಕಾಫಿ ಅಂಗಡಿಯಲ್ಲಿ ಕೂತವರನ್ನೂ ಅಭ್ಯಾಸಕ್ಕೆಂದು ದಿಟ್ಟಿಸುತ್ತಾರೆ, ಪಾದ್ರಿಯನ್ನೂ ಬಿಟ್ಟಿಲ್ಲ. ಮೊನ್ನೆ ಅವರ ಮಗಳ ಮಗಳು ಒಡೆಸ್ಸಾಳಿಗೆ ಲೈಸೆನ್ಸ್ ಬಂತು. ಅವಳದು ಅಪ್ಪನ ಕಪ್ಪು ಬಣ್ಣ. ಯಾರೂ ಅಂದಾಜು ಮಾಡಬೇಕಾಗಿಲ್ಲ. ಮಗನ ಬಿಳಿ ಮಕ್ಕಳಿಗೆ ಸಾಹೇಬರು ಕಾರನ್ನು ಹಿಂದಕ್ಕೆ ತೆಗೆಯುವುದನ್ನಷ್ಟೇ ಕಲಿಸಿದ್ದರು. ಇವಳ ಪಕ್ಕದಲ್ಲಿ ಕೂತು, “ಪೊಲೀಸ್ ತಡೆದ್ರೆ ಎರಡೂ ಕೈ ಸ್ಟೀರಿಂಗ್ ಮೇಲಿರ್ಲಿ. ಹೇಳದೆ ಪರ್ಸಿಗೂ ಕೈ ಹಾಕ್ಬೇಡ, ಪಿಸ್ತೂಲು ತೆಗೀತಿದ್ದೀಯ ಅಂದ್ಕೊಂಡಾರು” ಎಂದರು. ಅವಳು ನಕ್ಕಳು: “ತಾತ, ನೀನೇ ಪೊಲೀಸ್ ಅಲ್ವಾ?” “ಅದಕ್ಕೇ ಪುಟ್ಟಾ ಹೇಳ್ತಿರೋದು” ಎಂದು ಅವಳ ಎರಡೂ ಕೈ ಹಿಡಿದು, ತಾವೇ ಸ್ಟೀರಿಂಗ್ ಮೇಲಿಟ್ಟರು.