ಎರಡನೇ ಟೀಗೆ ಕೂತವರು

ಅಲ್ಲಲ್ಲ, ಅದನ್ನ ಹೊಡೆದು ಹಾಕು ಮಗು. 'ಸಾರ್ಥಕ ಸೇವೆ ಸಲ್ಲಿಸಿದರು' ಅಂತೆಲ್ಲ ಬರೆದ್ರೆ ಸತ್ತವರ ಬಗ್ಗೆ ಬರೆದ ಹಾಗಿರುತ್ತೆ. ನಿನ್ನ ಚಿಕ್ಕಜ್ಜಿ ಗುಂಡುಕಲ್ಲಿನ ಹಾಗಿದ್ದಾಳೆ, ಪಕ್ಕದ ಬೀದೀಲೇ. ನಾನು ಹೇಳಿದ ಹಾಗೇ ಬರ್ಕೋ.

ನನ್ನ ತಂಗಿ ಹಲ್ಲಿನ ಡಾಕ್ಟರ ಕ್ಲಿನಿಕ್ಕಲ್ಲಿ, ಮುಂದುಗಡೆ ಮೇಜಿನ ಹಿಂದೆ ಕೂತೇ ಜೀವ ಸವೆಸಿದವಳು. ಬಂದವರನ್ನ ಕೂರಿಸೋದು, ಗುಸುಗುಸು ಅಂದವರನ್ನ ಕಣ್ಣಲ್ಲೇ ಸುಮ್ಮನಾಗಿಸೋದು, ಒಳಗಿಂದ ಗಂಟೆ ಹೊಡೆದ್ರೆ 'ಮುಂದಿನವರು ಬನ್ನಿ' ಅನ್ನೋದು. ಜನ ಅವಳಿಗೆ 'ಮುಂದಿನವರು' ಅಂತಲೇ ಹೆಸರಿಟ್ಟುಬಿಟ್ಟಿದ್ರು. ಮದುವೆ ಯಾಕಾಗ್ಲಿಲ್ಲ ಅಂತ ಕೇಳಿದ್ರೆ, ನೋಡೋಕೆ ಬಂದವನಿಗೂ ಬಾಯ್ತಪ್ಪಿ ಹಾಗೇ ಅಂದೆ, ಅವನು ಎದ್ದು ಹೋದ ಅಂತಾಳೆ. ಅವಳ ಮಾತು ಅರ್ಧ ನಂಬು. ಅವನಿಗೆ ಹಲ್ಲು ಉಬ್ಬಿತ್ತು, ಅವಳೇ ಬೇಡ ಅಂದದ್ದು.

ಡಾಕ್ಟರು ಅಂಗಡಿ ಮುಚ್ಚಿದಾಗ, ಕ್ಲಿನಿಕ್ಕಿನ ಕುರ್ಚಿಗಳನ್ನ ಇವಳಿಗೇ ಕೊಟ್ಟುಬಿಟ್ರು. ಒಂದಕ್ಕೊಂದು ಅಂಟಿಕೊಂಡ ಕಬ್ಬಿಣದ ಕುರ್ಚಿ ಸಾಲು, ಬೇರೆ ಮಾಡೋಕಾಗಲ್ಲ. ಇವಳೋ ಅವನ್ನ ತಂದು ನಡುಮನೆ ಗೋಡೆ ಉದ್ದಕ್ಕೂ ಇಟ್ಟು, 'ಇನ್ನು ನಮ್ಮನೇಗೆ ಎಷ್ಟು ಜನ ಬಂದ್ರೂ ಕೂರಬಹುದು ಅಕ್ಕಾ' ಅಂತ ಕುಣಿದ್ಲು. ಕೆಲಸ ಬಿಟ್ಟ ಮೇಲೆ ಅವಳಿಗಿದ್ದದ್ದು ಅದೊಂದೇ ಆಸೆ: ಮನೆ ತುಂಬ ಜನ, ಹರಟೆ, ನಗು.

ಜನ ಬಂದ್ರು. ಬಂದವರು ಆ ಕುರ್ಚಿ ಮೇಲೆ ಕೂತ ತಕ್ಷಣ ಮಾತು ಬಂದ್. ಎಲ್ಲರೂ ಎದುರಿನ ಗೋಡೆ ನೋಡ್ಕೊಂಡು, ಕೈ ಮಡಿಲಲ್ಲಿಟ್ಕೊಂಡು ಕೂತ್ರು. ನನ್ನ ನಾದಿನಿ ಗೊತ್ತಲ್ಲ ನಿಂಗೆ, ಸ್ಕೂಲಲ್ಲಿ ಸಂಗೀತ ಹೇಳ್ಕೊಡ್ತಿದ್ದವಳು, ಬಾಯಿಗೆ ಬೀಗ ಅನ್ನೋದೇ ಇಲ್ಲ. ಅವಳೂ ಪಿಸುಪಿಸು ಅಂತ, 'ಇನ್ನೂ ಎಷ್ಟು ಹೊತ್ತಾಗುತ್ತೆ?' ಅಂದ್ಲು. ಯಾವುದಕ್ಕೆ ಅಂತ ಅವಳಿಗೂ ಗೊತ್ತಿಲ್ಲ. ಅಡುಗೆಮನೆ ಬಾಗಿಲಲ್ಲಿ ಟೀ ಹಿಡ್ಕೊಂಡು ನನ್ನ ತಂಗಿ, 'ಮುಂದಿನವರು ಬನ್ನಿ.' ಪಕ್ಕದ್ಮನೆ ಕಂಡಕ್ಟರು, ರಿಟೈರಾದವರು, ಮೀಸೆ ನೋಡಿದ್ರೆ ಪೊಲೀಸರೇ ಹೆದರಬೇಕು, ಅವರು ಮುಂದೆ ಹೋಗಿ ಕಪ್ಪು ತಗೊಳ್ಳೋ ಬದಲು ಬಾಯಿ ಆ ಅಂತ ತೆರೆದು ನಿಂತ್ರು.

ಆಮೇಲೆ ಒಬ್ಬೊಬ್ಬರಾಗಿ ದವಡೆ ಹಿಡ್ಕೊಂಡು ಜಾಗ ಖಾಲಿ ಮಾಡಿದ್ರು. 'ಯಾಕೋ ಹಲ್ಲು ನೋಯ್ತಿದೆ ತಾಯಿ, ಇನ್ನೊಂದಿನ ಬರ್ತೀವಿ.' ನಂಗೂ ನೋಯ್ತು ಕಣೋ, ಹಲ್ಲೇ ಇಲ್ಲದ ಕಡೆ.

ಪ್ರತಿ ಸಲವೂ ಇದೇ ಕಥೆ. ಕೊನೆಗೆ ಒಂದು ದಿನ ಅವಳು ಕಪ್ಪು ತೊಳೀತಾ ನಂಗೆ ಬೆನ್ನು ಮಾಡಿ ಅಂದ್ಲು, 'ನೋವಿಲ್ದೆ ನನ್ನ ಹತ್ರ ಯಾರೂ ಯಾವತ್ತೂ ಬಂದಿಲ್ಲ ಅಕ್ಕಾ. ಈ ಶನಿವಾರ ಇನ್ನೊಂದೇ ಸಲ ಕರೀತೀನಿ. ಎರಡನೇ ಟೀಗೆ ಒಬ್ಬರಾದ್ರೂ ಉಳೀಲಿಲ್ಲ ಅಂದ್ರೆ, ಇನ್ಮೇಲೆ ಈ ಮನೆಗೆ ಯಾರನ್ನೂ ಕರಿಯಲ್ಲ.' ಅವಳು ಹೇಳಿದ್ರೆ ಮಾಡೋಳೇ.

ಕುರ್ಚಿ ತುಕ್ಕು ಹಿಡಿದಿವೆ, ಅದಕ್ಕೇ ಜನ ನಿಲ್ಲಲ್ಲ ಅಂತ ಅವಳ ಲೆಕ್ಕ. ಎತ್ತಿಸಿ ಪೇಂಟರಿಗೆ ಕೊಟ್ಲು. ಶನಿವಾರ ಬೆಳಿಗ್ಗೆಗೆ ಗ್ಯಾರಂಟಿ ಅಂದ ಪುಣ್ಯಾತ್ಮ. ಪೇಂಟರು ಗ್ಯಾರಂಟಿ ಅಂದ ಮೇಲೆ ಇನ್ನೇನಿದೆ, ಅವನೂ ಬರ್ಲಿಲ್ಲ, ಕುರ್ಚಿಯೂ ಬರ್ಲಿಲ್ಲ. ಜನ ಬರೋ ಹೊತ್ತಾಯ್ತು. ಮನೇಲಿದ್ದ ಹಾಸಿಗೆ, ದಿಂಬು, ರಜಾಯಿ ಎಲ್ಲಾ ಎಳೆದು ನೆಲಕ್ಕೆ ಹಾಸಿದ್ವಿ.

ಬಂದವರು ದಬಕ್ ಅಂತ ಕೂತ್ರು. ಆಹಾ ಅಂತ ಕಾಲು ಚಾಚಿದ್ರು. ಗೋಡೆ ಕಡೆ ಮುಖ ಇಲ್ಲ ನೋಡು, ಒಬ್ಬರ ಮುಖ ಒಬ್ಬರಿಗೆ ಕಾಣ್ತು, ಮಾತು ಹತ್ಕೊಳ್ತು. ಮೊದಲ ಟೀ ಮುಗೀತು. ಕಂಡಕ್ಟರು, 'ಬರ್ತೀನಿ ತಾಯಿ' ಅಂತ ಕೈ ಊರಿದ್ರು. ಏಳೋಕೆ ನೋಡಿದ್ರು. ಮತ್ತೆ ನೋಡಿದ್ರು. ಆಮೇಲೆ ಮೀಸೆ ತಿರುವ್ಕೊಂಡು, 'ಇರ್ಲಿ, ಏನವಸರ' ಅಂದ್ರು.

'ಹೌದು, ಏನವಸರ' ಅಂದ್ಲು ನಾದಿನಿ. ಅವಳಾಗ್ಲೇ ಗುಟ್ಟಾಗಿ ಪ್ರಯತ್ನ ಪಟ್ಟು ಸೋತಿದ್ಲು. ನಾನೂ ಅಷ್ಟೇ. ಅಲ್ಲಿದ್ದವರಲ್ಲಿ ಸರಿಯಾದ ಮಂಡಿ ಒಂದೂ ಇರ್ಲಿಲ್ಲ, ಬಾಯಿಬಿಟ್ಟು ಹೇಳೋರೂ ಇರ್ಲಿಲ್ಲ.

ನನ್ನ ತಂಗಿ ಮುಖ ನೋಡಬೇಕಿತ್ತು ನೀನು. 'ಹಾಗಾದ್ರೆ... ಎರಡನೇ ಟೀ ಇಡ್ಲಾ?' ಅಂದಳು, ಬಾಗಿಲ ಚೌಕಟ್ಟು ಹಿಡ್ಕೊಂಡು.

ಎರಡನೆಯದೂ ಆಯ್ತು, ಮೂರನೆಯದೂ ಆಯ್ತು. ಕಂಡಕ್ಟರು ಬಸ್ಸಲ್ಲಿ ಒಬ್ಬ ತಾನು ತಂದ ಕಪಾಟಿಗೆ ಅರ್ಧ ಟಿಕೆಟ್ ಕೇಳಿದ ಕಥೆ ಶುರು ಮಾಡಿದ್ರು. ನಾದಿನಿ ಮಲಗಿಕೊಂಡೇ ಹಾಡಿದ್ಲು. ಹೊಟ್ಟೆ ಹುಣ್ಣಾಗೋ ಹಾಗೆ ನಕ್ವಿ. ಆ ಖುಷೀಲಿ ತಂಗಿ, ತನ್ನ ಮನೇಲಿ ತಾನೆಂದೂ ಕೂರದವಳು, ಬಂದು ನಮ್ಮ ಮಧ್ಯೆ ಕೂತುಬಿಟ್ಲು. ಅಲ್ಲಿಗೆ ಆ ಮನೇಲಿ ನಿಂತವರು ಯಾರೂ ಇಲ್ಲ.

ಕಂಡಕ್ಟರ ಮುಖ ಬಾಡ್ತಾ ಬಂತು. 'ತಾಯಿ, ಬಚ್ಚಲುಮನೆ ಎಲ್ಲಿ?'

'ಅದೋ, ಅಲ್ಲಿ.'

'ಎಲ್ಲಿ ಅಂತ ಗೊತ್ತು. ಹೋಗೋದು ಹೇಗೆ?'

ಆಗ ಗುಟ್ಟು ರಟ್ಟಾಯ್ತು. ಒಬ್ಬರನ್ನೊಬ್ಬರು ಎಬ್ಬಿಸೋಕೆ ಹೋದ್ವಿ. ಎತ್ತು ಏರಿಗೆ, ಕೋಣ ನೀರಿಗೆ. ಕಂಡಕ್ಟರು ನಾದಿನಿ ಮೇಲೆ ಬಿದ್ರು, ಬಿದ್ದೂ ಮೀಸೆ ಮಣ್ಣಾಗ್ಲಿಲ್ಲ ಅಂದ್ರು. ಫೋನು ಕಪಾಟಿನ ಮೇಲೆ ಹೊಡ್ಕೊಳ್ತಾ ಇತ್ತು, ಎಲ್ಲರೂ ತಲೆ ಎತ್ತಿ ನೋಡ್ತಾ ಮಲಗಿದ್ವಿ.

ದೇವರು ದೊಡ್ಡವನು. ಸಿಲಿಂಡರ್ ಹೊತ್ಕೊಂಡು ಗ್ಯಾಸಿನವನು ಬಂದ. ತೆಗೆದ ಬಾಗಿಲಲ್ಲಿ ನಿಂತು ನಮ್ಮನ್ನ ನೋಡಿದ. 'ಏನಮ್ಮ, ಗ್ಯಾಸ್ ಸೋರ್ತಾ ಇದೆಯಾ?' ಅಂದ ಪಾಪ, ಗಾಬರಿಯಿಂದ.

'ಗ್ಯಾಸಲ್ಲಪ್ಪ, ಮಂಡಿ' ಅಂದೆ.

ಸಿಲಿಂಡರ್ ಇಳಿಸಿ ಮೊದಲು ಕಂಡಕ್ಟರನ್ನ ಎತ್ತಿದ. 'ಸಿಲಿಂಡರಿಗಿಂತ ಭಾರ ಏನಿಲ್ಲ, ಆದ್ರೆ ಹಿಡಿಕೆ ಇಲ್ಲ ನಿಮಗೆ' ಅಂತ ಗೊಣಗಿದ. ಅವರು ಬಚ್ಚಲಿಗೆ ಓಡಿದ್ರು. ಆಮೇಲೆ ನಾದಿನಿ, ನಾನು, ತಂಗಿ.

ತಂಗಿ ಎದ್ದು ನಿಂತವಳೇ ಸೆರಗು ಸರಿ ಮಾಡ್ಕೊಂಡು ನಮ್ಮನ್ನ ನೋಡಿದ್ಲು. ಧ್ವನಿ ಸಣ್ಣಗಾಗಿತ್ತು. 'ಅಂದ್ರೆ ನೀವು ಉಳಿದದ್ದು ಏಳೋಕಾಗ್ದೆ.'

ನಂಗೇ ಮಾತು ಹೊರಡ್ಲಿಲ್ಲ, ಬರ್ಕೋ ಅದನ್ನೂ, ಅಪರೂಪದ ಸಂಗತಿ. ಅಷ್ಟರಲ್ಲಿ ಕಂಡಕ್ಟರು ಬಚ್ಚಲಿಂದ ಬಂದ್ರು. ಚಪ್ಪಲಿ ಪಕ್ಕದಲ್ಲೇ ಇತ್ತು, ಬಾಗಿಲು ತೆಗೆದಿತ್ತು. ಎಲ್ಲರನ್ನೂ ಒಂದು ಸಲ ನೋಡಿದ್ರು. ಗೋಡೆ ಹಿಡ್ಕೊಂಡು, ಒಂದೊಂದೇ ಇಂಚು ಇಳಿದು, ಮತ್ತೆ ಅದೇ ಹಾಸಿಗೆ ಮೇಲೆ ಕೂತ್ರು.

'ಕಪಾಟಿನವನ ಕಥೆ ಅರ್ಧಕ್ಕೇ ನಿಂತಿತ್ತು ತಾಯಿ. ಇನ್ನೊಂದು ಟೀ ಹಾಕು.'

'ಸ್ವಾಮಿ, ಈಗ ತಾನೇ ಎತ್ತಿದ್ದು ನಾನು' ಅಂದ ಗ್ಯಾಸಿನವನು. ಅವನಿಗೂ ಒಂದು ಕಪ್ಪು ಬಂತು. ಕುಡಿಯೋಕೆ ಅವನೂ ಕೂತ. ಕಪಾಟಿಗೆ ಕೊನೆಗೆ ಪೂರ್ತಿ ಟಿಕೆಟ್ ಕೊಟ್ರಂತೆ, ಕಿಟಕಿ ಪಕ್ಕ ಸೀಟೂ ಕೊಟ್ರಂತೆ.

ಈಗ ಪ್ರತಿ ಶನಿವಾರ ಅಲ್ಲೇ ನಾವು. ಕೆಲಸ ಮುಗಿಸ್ಕೊಂಡು ಮನೆಗೆ ಹೋಗೋ ದಾರೀಲಿ ಗ್ಯಾಸಿನವನು ಬಂದು ಎಲ್ಲರನ್ನೂ ಎತ್ತಿ ನಿಲ್ಲಿಸಿ ಹೋಗ್ತಾನೆ. ತಂಗಿ ಮಾತ್ರ ನಾವು ಹೋದಾಗಲೆಲ್ಲ ಕೈ ಮುಗೀತಾಳೆ, 'ನೆಲದ ಮೇಲೆ ಕೂರಿಸ್ತಿದೀನಿ, ಕ್ಷಮಿಸಿ, ಆ ದರಿದ್ರ ಪೇಂಟರು ಕುರ್ಚಿ ಇನ್ನೂ ಕೊಟ್ಟಿಲ್ಲ.' ನಾವೂ ಅವನನ್ನ ಬಾಯ್ತುಂಬ ಬೈತೀವಿ.

ಸಾಕು, ಪೆನ್ನು ಕೆಳಗಿಡು. ಚಪ್ಪಲಿ ಹಾಕ್ಕೊಂಡು ಪೇಂಟರ ಶೆಡ್ಡಿಗೆ ಹೋಗಿ ಬಾ. ಕುರ್ಚಿ ನಾಳೆ ತಂದುಕೊಡ್ತೀನಿ ಅಂತಿದಾನಂತೆ, ಶೆಡ್ಡಲ್ಲಿ ಜಾಗ ಇಲ್ವಂತೆ. ಅಜ್ಜಿ ಇನ್ನೊಂದು ಕೋಟಿಂಗ್ ಹೊಡೀಬೇಕು ಅಂದ್ರು ಅನ್ನು. ಒಣಗೋಕೆ ತುಂಬ ದಿನ ಬೇಕಾಗೋ ಪೇಂಟು ಯಾವುದಿದೆಯೋ ಅದೇ ಹೊಡಿ ಅನ್ನು. ದಾರೀಲಿ ಚಿಕ್ಕಜ್ಜಿ ಸಿಕ್ಕಿ ಎಲ್ಲಿಗೆ ಅಂದ್ರೆ, ಅಜ್ಜಿ ಹಲ್ಲಿನ ಸೆಟ್ಟು ರಿಪೇರಿಗೆ ಅಂತ ಹೇಳು.