ಗೇರಿನ ಜಾಗದಲ್ಲಿ ಇಟ್ಟ ಅಡಿಕೆ

ಗೋವಾದಿಂದ ನೀವು ತರಿಸಿದ ಮೋಟರ್‌ಸೈಕಲ್ಲಿನ ಗೇರು ನಮ್ಮ ಮನೆಗೆ ಬಂದು ತಲುಪಿತ್ತು, ಕಾಂಬಳೆ ಸರ್. ಲಾರಿ ಡ್ರೈವರನ ಕೈಯಿಂದ ಅದನ್ನು ಇಸಿದುಕೊಂಡವಳು ನಾನು. ಬಂದಿಲ್ಲ ಎಂದು ನಿಮ್ಮೆದುರು, ನನ್ನ ಗಂಡನೆದುರು ಹೇಳಿದವಳೂ ನಾನೇ. ನಿಮಗೆ ಇದು ಹೊಸ ಸುದ್ದಿಯಲ್ಲ — ನಿಮಗೆ ಆಗಲೇ ಗೊತ್ತಾಗಿತ್ತು. ಗೊತ್ತಾಗದೆ ಹೋದದ್ದು ಅವರಿಗೆ. ಈಗ ಅವರಿಲ್ಲ.

ಈ ವರ್ಷ ಯುಗಾದಿಗೆ ಸ್ವಲ್ಪ ಮುಂಚೆ ಅವರು ಹೋದರು. ಅಂದಿನಿಂದ ಮನೆಯಲ್ಲಿ ನಾನು ಮತ್ತು ಆ ಮೋಟರ್‌ಸೈಕಲ್. ಬೆಳಿಗ್ಗೆ ಅದರ ಮೇಲಿನ ಹೊದಿಕೆಯ ಧೂಳು ಕೊಡವುತ್ತೇನೆ. ಕೊಡವುವಾಗ ಪ್ರತಿದಿನ ಒಂದೇ ಮಾತು ಬಾಯಿಗೆ ಬರುತ್ತದೆ — ಕೇಳುವವರು ಯಾರೂ ಇಲ್ಲ. ಅದಕ್ಕೇ ಬರೆಯುತ್ತಿದ್ದೇನೆ. ನಾನು ಮೆಟ್ರಿಕ್ ಓದಿದವಳು, ಬರೆದು ರೂಢಿಯಿಲ್ಲ. ಆದದ್ದನ್ನು ಆದ ಹಾಗೆ ಹೇಳಲು ನೋಡುತ್ತೇನೆ.

ನನ್ನ ಗಂಡನದು ಧಾರವಾಡದ ಹಳೆಯ ಮನೆತನ. ಮಾವ ಸಾಲಿ ಮಾಸ್ತರರು, ಅತ್ತೆ ಹಾಡುತ್ತಿದ್ದರು. ಅವರ ಮಗನಿಗೆ ಸ್ವರ ಒಲಿಯಲಿಲ್ಲ. ಆದರೆ ರಸ್ತೆಯಲ್ಲಿ ಹೋಗುವ ಗಾಡಿಯ ಶಬ್ದ ಕೇಳಿ ಅದರ ಕಾಯಿಲೆ ಹೇಳುತ್ತಿದ್ದರು. ಕೆಲಸ ಹುಬ್ಬಳ್ಳಿಯ ಕಚೇರಿಯೊಂದರಲ್ಲಿ. ಧಾರವಾಡದಿಂದ ದಿನವೂ ಬಸ್ಸಿನಲ್ಲಿ ಓಡಾಡುವಾಗ ಪಕ್ಕದ ಸೀಟಿನಲ್ಲಿ ಸಿಕ್ಕವರು ನೀವು — ತರಬೇತಿ ಸಂಸ್ಥೆಯಲ್ಲಿ ಹುಡುಗರಿಗೆ ಫಿಟ್ಟರ್ ಕೆಲಸ ಕಲಿಸುವ ಪರಶುರಾಮ ಕಾಂಬಳೆ. ನಾವು ಹುಬ್ಬಳ್ಳಿಯ ವಿದ್ಯಾನಗರಕ್ಕೆ ಮನೆ ಬದಲಿಸಿದ ಮೇಲೂ ಆ ಸ್ನೇಹ ಹಾಗೆಯೇ ಉಳಿಯಿತು. ಅವರು ನಿಮ್ಮನ್ನು ‘ಪರಶು’ ಎನ್ನುತ್ತಿದ್ದರು. ನೀವು ಅವರನ್ನು ‘ರಾಯರ’ ಎನ್ನುತ್ತಿದ್ದಿರಿ. ಆ ಎರಡು ಕರೆಗಳ ನಡುವಿನ ಅಂತರ ಆಗ ನನ್ನ ಕಿವಿಗೆ ಬಿದ್ದಿರಲೇ ಇಲ್ಲ.

ಅವರು ನಿವೃತ್ತರಾದ ಮೇಲೆ ಗೋವಾದಲ್ಲಿ ಒಂದು ಮದುವೆಗೆ ನೀವಿಬ್ಬರೂ ಹೋಗಿದ್ದಿರಿ. ಆ ಮನೆಯ ಹಿತ್ತಲಿನ ಕೋಳಿಗೂಡಿನಲ್ಲಿ ಅದು ಸಿಕ್ಕಿತು. ಪೋರ್ತುಗೀಸರ ಕಾಲದಲ್ಲಿ ಯಾರೋ ಹಡಗಿನಲ್ಲಿ ತರಿಸಿದ್ದ ಇಟಲಿಯ ರೇಸಿನ ಮೋಟರ್‌ಸೈಕಲ್. ಉದ್ದನೆಯ ಪೆಟ್ರೋಲ್ ಟಾಕಿ, ಕೆಂಪು ಬಣ್ಣ ಮಾಸಿ ಇಟ್ಟಿಗೆಯಂತಾಗಿತ್ತು. ಸೀಟಿನ ಮೇಲೆ ಕೋಳಿ ಕಾವಿಗೆ ಕೂತಿತ್ತಂತೆ. ಅದನ್ನು ಟೆಂಪೋದಿಂದ ನಮ್ಮ ಅಂಗಳದಲ್ಲಿ ಇಳಿಸುವಾಗ ನೀವು ಹೇಳಿದ್ದು ನೆನಪಿದೆಯೇ?

“ರಾಯರ, ಗಾಡಿ ಓಡಲಿಲ್ಲಂದ್ರೂ ತತ್ತಿಗೇನ ಕಮ್ಮಿ ಇಲ್ಲ ಬಿಡ್ರಿ.”

“ತತ್ತಿ ನಿನಗ, ಗಾಡಿ ನನಗ. ವಾಟ್ನಿ ಮುಗೀತಲ್ಲ?” ಎಂದರು ಅವರು. ಅವರು ಅಷ್ಟು ಜೋರಾಗಿ ನಕ್ಕದ್ದನ್ನು ನಾನು ಅದಕ್ಕೂ ಮೊದಲು ಕೇಳಿರಲಿಲ್ಲ.

ಮುಂದಿನ ವರ್ಷಗಳೆಲ್ಲ ಸಾಮಾನು ಹುಡುಕುವ ವರ್ಷಗಳು. ಅಂಥ ಗಾಡಿಯ ಬಿಡಿಭಾಗ ಯಾವ ಅಂಗಡಿಯಲ್ಲೂ ಇರುವುದಿಲ್ಲ, ಮನುಷ್ಯರಲ್ಲಿ ಇರುತ್ತದೆ — ಯಾರದೋ ಅಟ್ಟದಲ್ಲಿ, ಯಾರದೋ ಸತ್ತ ಕಾಕಾನ ಪೆಟ್ಟಿಗೆಯಲ್ಲಿ. ಬೆಳಗಾವಿ, ಕೊಲ್ಹಾಪುರ, ಮಡಗಾಂವ ಅಲೆಯಬೇಕು, ಚಹಾ ಕುಡಿಯಬೇಕು, ಎರಡು ಸಲ ಬರಿಗೈಯಲ್ಲಿ ಬಂದು ಮೂರನೆಯ ಸಲ ಕೇಳಬೇಕು. ಮೊದಮೊದಲು ನೀವಿಬ್ಬರೇ ಹೋಗುತ್ತಿದ್ದಿರಿ. ಒಂದು ದಿನ ಹೊರಡುವಾಗ ನೀವೇ ಅವರಿಗೆ ಹೇಳಿದಿರಿ: “ವೈನಿನ್ನೂ ಕರಕೊಂಡ ಬರ್ರಿ. ಮನ್ಯಾಗ ಗ್ವಾಡಿ ನೋಡಕೋಂತ ಕುಂತು ಏನ ಮಾಡಬೇಕು ಅವರು?”

ಹಾಗೆ ನಾನು ಹೊರಟೆ. ಮದುವೆಯಾದಾಗಿನಿಂದ ನಾವಿಬ್ಬರೂ ಕೂಡಿ ಊರು ಬಿಟ್ಟದ್ದು ಮದುವೆ, ಮುಂಜಿವೆ, ತಿಥಿಗಳಿಗೆ ಮಾತ್ರ. ಮಕ್ಕಳಿಲ್ಲದ ಮನೆಯಲ್ಲಿ ನಮ್ಮ ಮಾತು ಚಹಾ ಆಯಿತೇ, ಹಾಲು ಬಂತೇ ಎಂಬಲ್ಲಿಗೆ ಬಂದು ನಿಂತಿತ್ತು. ಬಸ್ಸಿನ ಕಿಟಕಿಯ ಪಕ್ಕ ಅದೇ ಮನುಷ್ಯ ಬೇರೆಯವರಾದರು. ರೊಟ್ಟಿಗೆ ಶೇಂಗಾ ಚಟ್ನಿ ಹಚ್ಚಿ ಕೊಟ್ಟರೆ ತಿನ್ನುತ್ತ ನನಗೆ ಕಾರ್ಬುರೇಟರ್ ಎಂದರೇನು, ಮ್ಯಾಗ್ನೆಟೊ ಎಂದರೇನು ಹೇಳಿಕೊಡುತ್ತಿದ್ದರು. ಸಿಕ್ಕ ಸಾಮಾನನ್ನು ಹಳೆ ಸೀರೆಯ ತುಂಡಿನಲ್ಲಿ ಸುತ್ತಿ ನನ್ನ ಮಡಿಲಲ್ಲಿ ಇಡುತ್ತಿದ್ದರು. ಬೆಳಗಾವಿಯ ಗುಜರಿ ಅಂಗಡಿಯಲ್ಲಿ ನಾನು ನೆಲದ ಮೇಲೆ ಕೂತು ರಾಶಿ ಕೆದಕುವುದನ್ನು ನೋಡಿ ನೀವು ಅಂದಿರಿ, “ಎಲ್ಲಾರ ಹೆಂಡ್ರು ಸೀರಿ ಅಂಗಡ್ಯಾಗ ಕುಂತಿರತಾರ. ನಮ್ಮ ವೈನಿ ನೋಡ್ರಿ, ಕಾರ್ಬುರೇಟರ್ ಆರಸಾಕತ್ತಾರ!” ನಾನು ನಾಚಿದೆ. ಆ ದಿನ ನನ್ನ ಜೀವನದ ಒಳ್ಳೆಯ ದಿನ. ಅದನ್ನು ಕೊಟ್ಟವರು ನೀವು — ಇದನ್ನು ಇಲ್ಲಿಯೇ ಬರೆದುಬಿಡುತ್ತೇನೆ, ಮುಂದಿನದನ್ನು ಓದುವವರಿಗೆ ಇದು ನೆನಪಿರಲಿ.

ಕೊನೆಗೆ ಒಂದೇ ಉಳಿಯಿತು. ಇಂಜಿನ್ನಿನ ಪಕ್ಕದ ದುಂಡನೆಯ ಮುಚ್ಚಳದೊಳಗೆ ಕೂರಬೇಕಾದ ಓರೆ ಹಲ್ಲಿನ ಗೇರು, ನಿಂಬೆಹಣ್ಣಿನಷ್ಟು ದೊಡ್ಡದು. ನೀವು ಸಂಸ್ಥೆಯ ಯಂತ್ರದಲ್ಲಿ ಎರಡು ಸಲ ಮಾಡಿ ನೋಡಿದಿರಿ, ಎರಡು ಸಲವೂ ಹಲ್ಲು ಮುರಿಯಿತು. ಅಸಲಿಯದೇ ಬೇಕು ಎಂದಾಯಿತು. ಗೋವಾದ ಗ್ಯಾರೇಜಿನಲ್ಲಿದ್ದ ನಿಮ್ಮ ಹಳೆಯ ವಿದ್ಯಾರ್ಥಿಗೆ ಹೇಳಿಟ್ಟಿದ್ದಿರಿ. ಶ್ರಾವಣದಲ್ಲಿ ಅವನ ಸುದ್ದಿ ಬಂತು — ಸಿಕ್ಕಿದೆ, ಕಾಯಿಪಲ್ಲೆ ಒಯ್ದು ಖಾಲಿ ಬರುವ ಲಾರಿಯಲ್ಲಿ ಕಳಿಸುತ್ತೇನೆ ಎಂದು. ನಮ್ಮ ಕೆಲಸವೆಲ್ಲ ಹಾಗೆಯೇ ನಡೆಯುತ್ತಿತ್ತು. ಚೀಟಿಯಿಲ್ಲ, ಸಹಿಯಿಲ್ಲ. ಒಬ್ಬರು ಕಳಿಸಿದೆ ಅನ್ನಬೇಕು, ಇನ್ನೊಬ್ಬರು ಮುಟ್ಟಿತು ಅನ್ನಬೇಕು. ಮಾತೇ ರಸೀದಿ.

ಅಂದು ಊಟಕ್ಕೆ ಕೂತಾಗ ಅವರು ಸಂತೋಷದಿಂದ ಹೇಳಿದರು: “ಇದೊಂದ ಕೂತರ ಮುಗೀತು ನೋಡು. ಇನ್ನ ಊರೂರು ಅಡ್ಡಾಡೂದು ಬ್ಯಾಡ. ಮನ್ಯಾಗ ಆರಾಮ ಇರೂಣು.”

ನನ್ನ ಆಯಾಸ ಕಳೆಯಲೆಂದು ಹೇಳಿದ ಮಾತು ಅದು. ನನಗೆ ಕೇಳಿಸಿದ್ದು ‘ಮನ್ಯಾಗ’ ಎಂಬುದೊಂದೇ.

ಮಾರನೆಯ ದಿನ ಅವರು ನಿಮ್ಮೊಡನೆ ಲೇತ್ ಅಂಗಡಿಗೆ ಹೋಗಿದ್ದಾಗ ಡ್ರೈವರ್ ಬಂದ. ಮೀನಿನ ವಾಸನೆಯ ಚೀಲ. “ಅಕ್ಕಾರ, ಕಾಂಬಳೆ ಸರ್ ಅವರ ಸಾಮಾನ್ರಿ. ಸಣ್ಣದ ಐತಿ ಅಂತ ಹಗರ ತಿಳೀಬ್ಯಾಡ್ರಿ, ಕಾಲ ಮ್ಯಾಲೆ ಬಿದ್ದೀತು, ಜ್ವಾಕಿ” ಎಂದ. ನೀರು ಕೊಟ್ಟೆ, ಕುಡಿದು ಹೋದ. ಬಿಚ್ಚಿ ನೋಡಿದೆ. ಎಣ್ಣೆ ಸವರಿದ್ದ ಗೇರು, ಒಂದು ಹಲ್ಲೂ ಸವೆದಿರಲಿಲ್ಲ.

ಆ ವಾರ ನಾವು ಕೊಲ್ಹಾಪುರಕ್ಕೆ ಹೋಗುವುದೆಂದು ಮೊದಲೇ ನಿಶ್ಚಯವಾಗಿತ್ತು. ಅಲ್ಲಿಯೂ ಅಂಥದೊಂದು ಗೇರು ಇರಬಹುದೆಂದು ಯಾರೋ ಹೇಳಿದ್ದರು. ಇದು ಬಂದಿತೆಂದರೆ ಅದು ನಿಲ್ಲುತ್ತದೆ. ಅದೊಂದು ಪ್ರಯಾಣ ಆಗಿಬಿಡಲಿ, ಬಂದಮೇಲೆ ಕೊಟ್ಟರಾಯಿತು… ಇಷ್ಟೇ ನನ್ನ ತಲೆಯಲ್ಲಿದ್ದದ್ದು. ಅತ್ತೆಯ ತಂಬೂರಿ ಮೂಲೆಯಲ್ಲಿ ಗವಸು ಹಾಕಿಕೊಂಡು ನಿಂತಿತ್ತು. ಗೇರನ್ನು ಬಟ್ಟೆಯಲ್ಲಿ ಸುತ್ತಿ ಆ ಗವಸಿನ ತಳಕ್ಕೆ ಇಳಿಬಿಟ್ಟೆ.

ಸಂಜೆ ನೀವಿಬ್ಬರೂ ಬಂದಿರಿ. ಚಪ್ಪಲಿ ಬಿಡುತ್ತಲೇ ಕೇಳಿದಿರಿ: “ವೈನಿ, ಗಾಡಿಯವಾ ಬಂದಿದ್ನೇನ್ರಿ?”

“ಇಲ್ರೀ. ಯಾರೂ ಬಂದಿಲ್ಲ.”

ಅಷ್ಟೇ. ಅಷ್ಟು ಸಣ್ಣ ಮಾತು.

ಕೊಲ್ಹಾಪುರಕ್ಕೆ ನಾವಿಬ್ಬರೇ ಹೋದೆವು. ಅಲ್ಲಿ ಗೇರು ಇರಲಿಲ್ಲ. ಆದರೆ ಅಂಗಡಿಯವನು ಒಂದು ಸುದ್ದಿ ಹೇಳಿದ — ಪುಣೆಯಲ್ಲಿ ಒಬ್ಬರ ಬಳಿ ಇಂಥದೇ ಗಾಡಿ ಮೊನ್ನೆ ಚಾಲೂ ಆಯಿತಂತೆ, ಗೋವಾ ಕಡೆಯಿಂದ ಏನೋ ಸಾಮಾನು ಬಂತಂತೆ. ನನ್ನ ಗಂಡ ಮರಳಿ ಬರುವಾಗ ರೊಟ್ಟಿ ಮುಟ್ಟಲಿಲ್ಲ. ಧಾರವಾಡ ದಾಟುವಾಗ ಒಂದೇ ಮಾತು ಆಡಿದರು: “ನಮ್ಮ ಗೇರ ಪುಣೇಕ ಮಾರಿ… ಪರಶು ಹಂಗ ಮಾಡ್ಯಾನೇನು?” ನಾನು ಆಸೆಪಟ್ಟಿದ್ದ ಪ್ರಯಾಣ ಅದು. ಬಾಯಿ ತೆರೆದೆ — ಬಸ್ಸು ಹಾರ್ನ್ ಹೊಡೆಯಿತು — ಮುಚ್ಚಿದೆ. ಹಾರ್ನಿನ ತಪ್ಪಲ್ಲ ಅದು.

ನೀವು ಬಂದಿರಿ. ಅಷ್ಟರಲ್ಲಿ ಡ್ರೈವರನನ್ನು ಕಂಡಿದ್ದಿರಿ. ಪಡಸಾಲೆಯಲ್ಲಿ ಕೂತು ಶುರುಮಾಡಿದಿರಿ: “ರಾಯರ, ಆ ಡ್ರೈವರ್ ಏನ ಹೇಳಾಕತ್ತಾನಂದ್ರ…” ನಾನು ಚಹಾದ ತಾಟು ಹಿಡಿದು ಬಾಗಿಲಲ್ಲಿದ್ದೆ. ನೀವು ತಲೆಯೆತ್ತಿ ನನ್ನನ್ನು ನೋಡಿದಿರಿ. ನಾನು ಕಣ್ಣು ತಾಟಿಗೆ ಇಳಿಸಿದೆ.

“ಏನ ಹೇಳತಾನ?” ಎಂದರು ಅವರು.

ನೀವು ಕಣ್ಣು ಅವರ ಕಡೆ ತಿರುಗಿಸಿದಿರಿ. ಆಮೇಲೆ, “ಎಲ್ಲೆ ಬಿತ್ತೋ ನೆನಪಿಲ್ಲ ಅಂತಾನ್ರಿ. ನಾನ ಖುದ್ದ ಹೋಗಿ ತರಬೇಕಿತ್ತು. ನಂದ ತಪ್ಪಾತು” ಎಂದಿರಿ.

ಗೆಳೆಯನ ಹೆಂಡತಿಯನ್ನು ಅವನೆದುರು ಸುಳ್ಳಿ ಎನ್ನಲಾರದೆ ಆ ಸುಳ್ಳನ್ನು ನೀವು ಹೊತ್ತುಕೊಂಡಿರಿ. ನಾನು ಹೊರಿಸಿ, ನಿಮ್ಮ ಕಪ್ಪಿಗೆ ಚಹಾ ಬಗ್ಗಿಸಿದೆ.

ದಸರೆ ಬಂತು. ಖಂಡೇ ಪೂಜೆಯ ದಿನ ನಮ್ಮಲ್ಲಿ ಗಾಡಿ, ಪಾನಾ, ಸುತ್ತಿಗೆ, ತಂಬೂರಿ ಎಲ್ಲಕ್ಕೂ ಕುಂಕುಮ. ಬೆಳಿಗ್ಗೆಯೇ ನಾನು ಗೇರನ್ನು ಗವಸಿನಿಂದ ತೆಗೆದು ಅಕ್ಕಿಯ ಡಬ್ಬಿಗೆ ಹಾಕಿ, ಆಮೇಲೆ ತಂಬೂರಿಯನ್ನು ಹೊರಗೆ ತಂದೆ. ಅವರು ಇಂಜಿನ್ನಿನ ಆ ದುಂಡು ಮುಚ್ಚಳ ಬಿಚ್ಚಿ ಖಾಲಿ ಜಾಗದಲ್ಲಿ ಒಂದು ಅಡಿಕೆ ಇಟ್ಟರು. ನಾನು ನೋಡುತ್ತಿದ್ದುದನ್ನು ಕಂಡು, “ಪೂಜಾದಾಗ ಹಾಜರಿಲ್ಲದವರ ಬದಲಿ ಅಡಿಕಿ ಇಡತೇವಲ್ಲ, ಹಂಗ” ಎಂದರು. ಅಡಿಕೆಗೆ ಕುಂಕುಮ ಹಚ್ಚಿದರು. ನನಗೂ ಹಚ್ಚಲು ಹೇಳಿದರು. ಹಚ್ಚಿದೆ.

ಮಾರನೆಯ ಸಂಜೆ ಬನ್ನಿ ಎಲೆ ಕೊಟ್ಟು ತೆಗೆದುಕೊಳ್ಳುವ ಹೊತ್ತು. ನೀವು ಪ್ರತಿವರ್ಷ ಆ ದಿನ ನಿಮ್ಮವರ ಬುದ್ಧವಂದನೆ ಮುಗಿಸಿ, ಬಿಳಿ ಅಂಗಿಯಲ್ಲೇ ನೇರ ನಮ್ಮ ಮನೆಗೆ ಬರುತ್ತಿದ್ದಿರಿ. “ನನಗ ಇದು ದೇವರ ಎಲಿ ಅಲ್ರಿ ವೈನಿ, ಗೆಳೆತನದ ಎಲಿ” ಎನ್ನುತ್ತಿದ್ದಿರಿ. ಆ ಸಂಜೆ ಅಂಗಳದಲ್ಲಿ ಓಣಿಯವರೆಲ್ಲ ಇದ್ದರು. ನೀವು ಎಲೆ ಹಿಡಿದು ಕೈ ಚಾಚಿ, “ರಾಯರ, ಬನ್ನಿ ತಗೊಂಡು ಬಂಗಾರದಂಗ ಇರೂಣು” ಎಂದಿರಿ.

ಬನ್ನಿಯ ದಿನ ವೈರಿಯ ಎಲೆಯನ್ನೂ ಬೇಡವೆನ್ನುವುದಿಲ್ಲ ನಮ್ಮ ಕಡೆ. ಕೋರ್ಟಿಗೆ ಹೋದ ಅಣ್ಣತಮ್ಮಂದಿರೂ ಅಂದು ತಲೆಬಾಗಿ ತೆಗೆದುಕೊಳ್ಳುತ್ತಾರೆ.

ಅವರು ಕೈಯನ್ನು ಬೆನ್ನ ಹಿಂದೆ ಕಟ್ಟಿಕೊಂಡರು. “ನಿನ್ನ ಕೈಯಿಂದ ನಾ ಬನ್ನಿ ತಗೊಳ್ಳೂದಿಲ್ಲ.”

ಅವರು ಹೇಳಿದ್ದು ಗೇರಿನ ಮಾತು. ಓಣಿ ಕೇಳಿಸಿಕೊಂಡದ್ದು ಬೇರೆ ಮಾತು. ನಮ್ಮಂಥ ಮನೆಯ ಅಂಗಳದಲ್ಲಿ, ನಿಮ್ಮ ಜಾತಿಯವರಿಗೆ ‘ನಿನ್ನ ಕೈಯಿಂದ’ ಎಂದರೆ ಏನೆಂದು ಯಾರಿಗೂ ಬಿಡಿಸಿ ಹೇಳಬೇಕಾಗಿರಲಿಲ್ಲ. ನಿಮ್ಮ ಮುಖದಲ್ಲಿ ಅದು ಇಳಿದದ್ದನ್ನು ನಾನು ನೋಡಿದೆ. ಆಗಲೂ ನೀವು ನನ್ನ ಕಡೆ ನೋಡಲಿಲ್ಲ. ಒಮ್ಮೆ ನೋಡಿದ್ದರೆ… ಇಲ್ಲ. ನೋಡಿದ್ದರೂ ನಾನು ಹೇಳುತ್ತಿರಲಿಲ್ಲ. ಎಲೆಯನ್ನು ಜೇಬಿನಲ್ಲಿ ಇಟ್ಟುಕೊಂಡು ನೀವು ಹೋದಿರಿ.

ನೀವು ಗೇಟು ದಾಟಿದ ಮೇಲೆ ಪಕ್ಕದ ಮನೆಯ ಹಿರಿಯಾಕೆ ನನ್ನ ಹತ್ತಿರ ಬಂದು ಮೆಲ್ಲಗೆ, “ಛಲೋ ಆತು ಬಿಡವಾ. ಎಷ್ಟರ ಒಳಗ ಬಿಟಗೋತೀರಿ ಅಂಥವರನ್ನ” ಎಂದರು. ನಾನು ಹೂಂ ಅನ್ನಲಿಲ್ಲ. ಅಲ್ಲವೆಂದೂ ಅನ್ನಲಿಲ್ಲ. ಗೇರು ಬಚ್ಚಿಟ್ಟದ್ದಕ್ಕಿಂತ ದೊಡ್ಡದು ಇದು ಎಂದು ಈಗ ಅನ್ನಿಸುತ್ತದೆ. ಗೇರು ನಾನು ಆಸೆಯಿಂದ ಮುಚ್ಚಿಟ್ಟದ್ದು. ಇಲ್ಲಿ ನನಗೆ ಅನುಕೂಲವಾಗಿತ್ತು — ಜನ ಇನ್ನೊಂದು ಕಾರಣ ಹಿಡಿದುಕೊಂಡರು, ನಿಜವಾದ ಕಾರಣ ಯಾರೂ ಕೇಳಲಿಲ್ಲ.

ಆಮೇಲೆಯೂ ನಾವು ಊರೂರು ಅಲೆದೆವು. ನಾನು ಬೇಡಿದ್ದು ನನಗೆ ಸಿಕ್ಕಿತು. ಕಿಟಕಿಯ ಪಕ್ಕ ಅವರು ಸುಮ್ಮನೆ ಕೂತಿರುತ್ತಿದ್ದರು, ನಾನು ರೊಟ್ಟಿ ಹಿಡಿದಿರುತ್ತಿದ್ದೆ. ವರ್ಷವರ್ಷವೂ ಅಡಿಕೆಗೆ ಕುಂಕುಮ ಏರಿತು. ಹೇಳಬೇಕೆಂದು ಎಷ್ಟೋ ಸಲ, ಗೇರು ಮರಳಿ ಸೇರಿದ್ದ ತಂಬೂರಿಯ ತನಕ ಹೋದೆ. ಹೇಳಿದರೆ ಗಾಡಿ ಓಡುತ್ತದೆ, ನಾನು ಅವರ ಕಣ್ಣಿನಿಂದ ಇಳಿಯುತ್ತೇನೆ. ಈ ಎರಡರಲ್ಲಿ ನಾನು ನನ್ನನ್ನೇ ಆರಿಸಿಕೊಂಡೆ. ಪ್ರೀತಿ ಎಂದು ಇದಕ್ಕೆ ಹೆಸರಿಟ್ಟು ನೋಡಿದ್ದೇನೆ. ನಿಲ್ಲುವುದಿಲ್ಲ.

ಆಸ್ಪತ್ರೆಯಲ್ಲಿ, ಕೊನೆಯ ದಿನಗಳಲ್ಲಿ, ಗಂಜಿ ಕುಡಿಸುವಾಗ ಅವರು ಕಣ್ಣುಮುಚ್ಚಿಕೊಂಡೇ ಅಂದರು: “ಪರಶು ಹಂಗ ಮಾಡಬಾರದಿತ್ತು.” ನಾನು ಅವರ ಬಾಯಿ ಒರೆಸಿದೆ. ಒರೆಸಿ, ಮತ್ತೊಂದು ಚಮಚ ಹಿಡಿದೆ.

ಅವರನ್ನು ಒಯ್ಯುವ ದಿನ ನೀವು ಬಂದಿರಿ. ಗೇಟಿನ ಹೊರಗೆ ಚಪ್ಪಲಿ ಬಿಟ್ಟು ಅಲ್ಲಿಯೇ ನಿಂತಿರಿ, ಒಳಗೆ ಬರಲಿಲ್ಲ. ಎಲ್ಲ ಮುಗಿದು ಜನ ಚದುರಿದಾಗ ಕೇಳಿದ್ದು ಒಂದೇ: “ವೈನಿ, ಗಾಡಿ ಹಸೀ ಜಾಗಾದಾಗ ಇಲ್ಲಲ್ರಿ?” ನಾನು ಇಲ್ಲ ಎಂದು ತಲೆಯಾಡಿಸಿದೆ. ನಿಮಗೆ ನಾನು ಹೇಳಿದ ನಿಜ ಅದೊಂದೇ ಇರಬೇಕು.

ಅವಮಾನ ಆದದ್ದು ಊರೆದುರು. ಮುಚ್ಚಿದ ಬಾಗಿಲೊಳಗೆ ನಿಮ್ಮೊಬ್ಬರಿಗೇ ಹೇಳಿ ಹಗುರಾಗುವುದು ಇನ್ನೊಂದು ಕಳ್ಳತನವಾದೀತು. ಅದಕ್ಕೇ ಇದು ಪತ್ರಿಕೆಯಲ್ಲಿ ಅಚ್ಚಾಗಲಿ ಎಂದು ಕೊಡುತ್ತಿದ್ದೇನೆ. ಇನ್ನು ಕೆಲವೇ ದಿನಕ್ಕೆ ದಸರೆ. ಸೂತಕದ ವರ್ಷ, ನಮ್ಮ ಮನೆಯಲ್ಲಿ ಹಬ್ಬವಿಲ್ಲ. ಇದ್ದಿದ್ದರೂ ನಿಮಗೆ ಬನ್ನಿ ಚಾಚುವ ಕೈ ನನ್ನದಲ್ಲ. ಗೇರು ಇದೆ, ಎಣ್ಣೆ ಆರಲು ಬಿಟ್ಟಿಲ್ಲ. ಗಾಡಿಯೂ ಇದೆ. ಎರಡೂ ನಿಮ್ಮವು. ಕೂಡಿಸುವುದು, ಬಿಡುವುದು ನಿಮ್ಮ ಮನಸ್ಸು. ಆ ಮುಚ್ಚಳದೊಳಗಿನ ಅಡಿಕೆಯನ್ನು ನಾನು ಮುಟ್ಟಿಲ್ಲ.

ನಾಳೆ ಗೇರನ್ನು ಸೀರೆಯ ತುಂಡಿನಲ್ಲಿ ಸುತ್ತಿಕೊಂಡು ಹೊರಡುತ್ತೇನೆ. ಮೊದಲು ಪಕ್ಕದ ಮನೆಯ ಬಾಗಿಲು ಬಡಿಯುತ್ತೇನೆ — ಆ ಹಿರಿಯಾಕೆ ಇನ್ನೂ ಇದ್ದಾರೆ, ಕಿವಿ ಸ್ವಲ್ಪ ಮಂದ. ಗಟ್ಟಿಯಾಗಿ ಹೇಳಬೇಕಾಗುತ್ತದೆ, ಓಣಿಗೆಲ್ಲ ಕೇಳುವಷ್ಟು.

ಆಮೇಲೆ ನಿಮ್ಮ ಮನೆಗೆ ಬರುತ್ತೇನೆ. ಗೇಟಿನ ಹೊರಗೆ ನಿಲ್ಲುತ್ತೇನೆ.