ಮಾಸ್ತರರ ಕುರ್ಚಿಗೊಂದು ಕೌದಿ ದಿಂಬು

ಗೆಳೆಯರೇ, ಇವತ್ತು ಒಂದು ದಿಂಬು ಊರ ಮಕ್ಕಳೆದುರು ನನ್ನ ಮಾನ ತೆಗೆಯಿತು.

ಅಣ್ಣನ ಮಗಳು ಸುಶೀಲಾ ಏಳನೆಯ ಇಯತ್ತೆಯ ಮುಲ್ಕಿ ಪರೀಕ್ಷೆ ಪಾಸಾಗಿದ್ದಾಳೆ. ಮಾಸ್ತರರ ಕುರ್ಚಿಯಲ್ಲಿ ಎದ್ದು ನಿಂತ ಮೊಳೆಗೆ ಸಿಕ್ಕಿ ಅವರ ಧೋತರ ಹರಿಯುವುದನ್ನು ವರ್ಷವಿಡೀ ನೋಡಿದವಳು, ಅಜ್ಜಿಯ ಹಳೆಯ ಸೀರೆಗಳನ್ನು ಕೌದಿಯಂತೆ ಪದರ ಪದರವಾಗಿ ಹೊಲಿದು ದಪ್ಪನೆಯ ದಿಂಬು ಮಾಡಿದಳು. ಒಬ್ಬಳೇ ಹೋಗಿ ಕೊಡಲು ನಾಚಿಕೆ. ಘೋಡಗೇರಿಯಿಂದ ಹುಕ್ಕೇರಿವರೆಗೆ ನನ್ನಷ್ಟು ಸಭ್ಯ ಮನುಷ್ಯ ಇನ್ನೊಬ್ಬನಿಲ್ಲವೆಂದು ನನ್ನನ್ನೇ ಶಾಲೆಗೆ ಕರೆದೊಯ್ದಳು.

ಮಾಸ್ತರರು ಮಾತ್ರ ನನ್ನ ಸಭ್ಯತೆಯನ್ನು ಒಪ್ಪಲಿಲ್ಲ. ನನಗೂ ಅಕ್ಷರ ಕಲಿಸಿದವರು ಅವರೇ. ದಿಂಬನ್ನು ಮೂಸಿದರು, ಮೂಲೆ ಮೂಲೆ ಹಿಚುಕಿದರು.

“ಇದರಾಗ ಏನ್ ಇಟ್ಟೀಯೋ ಮಲ್ಲ್ಯಾ?”

“ಹಳೇ ಸೀರಿ ಬಿಟ್ರ ಏನೂ ಇಲ್ರೀ ಸರ. ಹುಡುಗಿ ಹೊಲದಾಳ್ರಿ.”

“ಹೊಲದಾಕಿ ಮ್ಯಾಲೆ ಸಂಶೇ ಇಲ್ಲ, ತಂದಾಂವನ ಮ್ಯಾಲೆ ಐತಿ. ಮೊದಲ ನೀನ ಕೂಡು.”

ಸುಶೀಲಾಳ ಕಣ್ಣು ತುಂಬಿದ್ದವು. ದಿಂಬನ್ನು ಕುರ್ಚಿಗೆ ಹಾಕಿ ನಾನು ಕೂತೆ.

“ನೋಡ್ರಿ, ಏನರ ಆತೇನ್ರಿ?”

“ಇನ್ನೂ ಆಗಿಲ್ಲ. ಗಂಟಿ ಹೊಡಿಯೂತನಕ ಏಳಬ್ಯಾಡ.”

ನನ್ನ ಮೇಲೆ ಒಂದು ಕಣ್ಣಿಟ್ಟು, ನಿಂತೇ ಪಾಠ ಹೇಳಿದರು. ಶಾಲೆ ಬಿಡುವ ಕೊನೆಯ ಗಂಟೆ ಬಾರಿಸಿದ ಮೇಲೆ ನನ್ನನ್ನು ಎಬ್ಬಿಸಿ, ಹಿಂದೆ ಮುಂದೆ ತಿರುಗಿಸಿ ನೋಡಿ, ಮೆಲ್ಲಗೆ ತಾವು ಕೂತರು. “ಛಲೋ ಹೊಲದೀಯವಾ ತಂಗಿ,” ಎಂದರು. ಸುಶೀಲಾ ನಕ್ಕಳು.

ಆ ಶಾಲೆಯಲ್ಲಿ ಓದುವಾಗ ಕೊನೆಯ ಗಂಟೆಯವರೆಗೆ ನಾನು ಒಮ್ಮೆಯೂ ಕೂತವನಲ್ಲ. ಇವತ್ತು ಕೂತೆ, ಅದೂ ಮಾಸ್ತರರ ಕುರ್ಚಿಯಲ್ಲೇ. ನನ್ನ ಓದು ಪೂರ್ತಿಯಾಯಿತೆಂದು ಊರಿಗೆಲ್ಲ ಹೇಳಿ ಬಂದಿದ್ದೇನೆ.